ಎರಡು ಕಾಳಗದ ಹೆಸರು

ಆ ಗೌನಿಗೆ ಬೆನ್ನ ಮೇಲೆ ಹನ್ನೆರಡು ಗುಂಡಿಗಳಿದ್ದವು. ಹಾಕುವುದಕ್ಕೂ ಬಿಚ್ಚುವುದಕ್ಕೂ ಇನ್ನೊಬ್ಬರ ಕೈ ಬೇಕು. ಪರದೇಶದ ಪಾದ್ರಿಯವರ ಹೆಂಡತಿ, ನಾವೆಲ್ಲ ಅಮ್ಮನವರು ಎನ್ನುತ್ತಿದ್ದವರು, ದಿನವೂ ಬೆಳಿಗ್ಗೆ ನನ್ನನ್ನು ಅದರೊಳಗೆ ತೂರಿಸಿ ಗುಂಡಿ ಹಾಕುತ್ತಿದ್ದರು. ಗೌನು ಅವರ ಮಗಳದ್ದು. ಜ್ವರದಲ್ಲಿ ತೀರಿಕೊಂಡ ಮಗಳು ಹೆಡ್ವಿಗ್. ಮರುವರ್ಷ ನಾನು ಹುಟ್ಟಿದಾಗ, ಜ್ಞಾನಸ್ನಾನದ ನೀರಿನ ಜೊತೆಗೆ ಆ ಹೆಸರನ್ನೂ ನನ್ನ ತಲೆಯ ಮೇಲೆ ಸುರಿದರು. ಅವ್ವನ ನಾಲಗೆ ಅದಕ್ಕೆ ಹೊರಳಲಿಲ್ಲ; 'ಹೆಡ್ಡಿ' ಎಂದಳು. ಕೇರಿಯ ಮಕ್ಕಳಿಗೆ ಗೇಲಿ ಮಾಡಲು ಅಷ್ಟೇ ಸಾಕಾಯಿತು.

ಓದಿಸುತ್ತೇವೆ ಎಂದು ಒಂಬತ್ತನೆಯ ವಯಸ್ಸಿಗೆ ನನ್ನನ್ನು ಬಂಗಲೆಯಲ್ಲಿ ಇರಿಸಿಕೊಂಡರು. ಬಟ್ಟೆ ಒಗೆಯಲು ಬರುತ್ತಿದ್ದ ಅವ್ವನನ್ನು ಕಿಟಕಿಯಿಂದ ನೋಡಬಹುದಿತ್ತು, ಕರೆಯುವಂತಿರಲಿಲ್ಲ. ಗೋಡೆಯ ಪಟದಲ್ಲಿ ಆ ಹುಡುಗಿ. ಕೆಳಗೆ ಅವಳ ಕುರ್ಚಿಯಲ್ಲಿ ನಾನು. ವರ್ಷ ಕಳೆಯುವಷ್ಟರಲ್ಲಿ ಗೌನು ಬಿಗಿಯಾಯಿತು; ಉಸಿರೆಳೆದರೆ ಗುಂಡಿಗಳು ಬೆನ್ನಿಗೊತ್ತುತ್ತಿದ್ದವು. ಆಗಲೇ ಸುದ್ದಿ ಬಂತು: ಪಾದ್ರಿಗಳು ತಮ್ಮ ದೇಶಕ್ಕೆ ಮರಳುತ್ತಾರೆ, ನನ್ನನ್ನೂ ಹಡಗಿನಲ್ಲಿ ಕರೆದೊಯ್ಯುತ್ತಾರೆ. ಅವ್ವ ತಲೆ ಎತ್ತಲಿಲ್ಲವಂತೆ. "ದೊಡ್ಡವರು ಹೇಳಿದ ಮೇಲೆ ನಾನೆಂತ ಹೇಳುದು?" ಎಂದಳಂತೆ.

ಪಾದ್ರಿಗಳ ಭಾಷೆಯನ್ನು ನನಗೆ ಕಲಿಸುತ್ತಿದ್ದ ಮುದುಕ ಉಪದೇಶಿ ಅಮ್ಮಣ್ಣನವರ ಮುಂದೆ ಅತ್ತೆ. "ನನಗೆ ಈ ಹೆಸರೇ ಬೇಡ."

ಅವರು ಹಳೆಯ ನಿಘಂಟು ತೆರೆದರು. "ಹೆಸರು ಎಂತ ಮಾಡಿತು ಮಗಾ? ನೋಡು, 'ಹದು' ಅಂದ್ರೆ ಕಾಳಗ. 'ವಿಗ್' ಅಂದ್ರೂ ಕಾಳಗವೇ. ಆ ಕಡೆಯ ಹಳಬರು ಹೆಣ್ಣುಮಕ್ಕಳಿಗೆ ಇಂಥ ಹೆಸರು ಇಡ್ತಿದ್ರು. ಈ ಹೆಸರಿನ ದೊರೆಸಾನಿ ಒಬ್ಬಳಿದ್ದಳಂತೆ, ಚಳಿಯಲ್ಲೂ ಬರಿಗಾಲು. ಕಾಲಿಗೆ ಜೋಡು ಇಲ್ಲದೆ ನಡೀಬೇಡ ಅಂತ ಗುರುಗಳು ಕಟ್ಟಪ್ಪಣೆ ಮಾಡಿದ್ರು. ಅವಳು ಜೋಡನ್ನು ಕಂಕುಳಲ್ಲಿ ಇಟ್ಕೊಂಡು ನಡೆದಳು!"

ನನಗೆ ನಗು ಬಂತು. ಆ ಬಂಗಲೆಯಲ್ಲಿ ನಾನು ನಕ್ಕದ್ದು ಅದೇ ಮೊದಲು.

ಹೊರಡುವ ದಿನ ಪೆಟ್ಟಿಗೆಗಳು ಗಾಡಿ ಏರಿದವು. ಅಮ್ಮನವರು ಕೈ ಚಾಚಿದರು. "ಹೆಡ್ವಿಗ್, ಬಾ."

ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. "ನಾನು ಬರೂದಿಲ್ಲ, ಅಮ್ಮನವರೇ. ಹೆಸರು ನನಗಿರಲಿ. ಆದ್ರೆ ಅವಳು ಬೇರೆ, ನಾನು ಬೇರೆ."

ಪಾದ್ರಿಗಳು ಗದರಲು ಬಾಯಿ ತೆರೆದರು. ಅಮ್ಮನವರು ಕೈಯೆತ್ತಿ ತಡೆದರು. ಜಗಲಿಯ ಮೇಲೆ ಕುಳಿತು, ತಮ್ಮ ಪುಸ್ತಕದ ಕನ್ನಡದಲ್ಲಿ ಕೇಳಿದರು: "ನಿನ್ನ ತಾಯಿ ನಿನ್ನನ್ನು ಏನೆಂದು ಕರೆಯುತ್ತಾಳೆ?"

"ಹೆಡ್ಡಿ."

"ಹೆಡ್ಡಿ," ಎಂದರು ಅವರೂ, ಮೆಲ್ಲಗೆ. ಆ ಮಾತಿನ ಅರ್ಥ ಅವರಿಗೆ ಗೊತ್ತಿತ್ತು. ಆದರೂ ಮುದ್ದಿನ ಹೆಸರೆಂಬಂತೆಯೇ ಹೇಳಿದರು.

ಗೇಟಿನವರೆಗೆ ನನ್ನ ಜೊತೆಗೇ ನಡೆದುಬಂದರು. ಹೊರಗೆ ಅವ್ವ ನಿಂತಿದ್ದಳು. ಚಿಲಕ ನನ್ನ ಕೈಗೆ ಎಟುಕುತ್ತಿರಲಿಲ್ಲ. ಅಮ್ಮನವರೇ ಅದನ್ನು ಎತ್ತಿದರು.