ನಾನು ಹೊತ್ತ ಮುಖಗಳು

ನಾನು ಒಂದು ಕಬ್ಬಿಣದ ಚೌಕಟ್ಟು. ದೇವರ ಪಟದ ಚೌಕಟ್ಟಲ್ಲ, ಕಿಟಕಿಯದೂ ಅಲ್ಲ. ಊರ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಬಿಗಿಯಲು ನಿಲ್ಲಿಸುತ್ತಾರಲ್ಲ, ಅದು. ನೀವು ನನ್ನನ್ನು ನೋಡಿರುವುದಿಲ್ಲ. ನನ್ನ ಮೇಲೆ ಬಿಗಿದ ಮುಖಗಳನ್ನು ನೋಡಿರುತ್ತೀರಿ.

ನಾನು ಹುಟ್ಟಿದ್ದು ಕಂಕಣಹಾಳದ ಬಸ್ ನಿಲ್ದಾಣದ ಹಿಂದೆ, ಮಲಿಕಸಾಬನ ವೆಲ್ಡಿಂಗ್ ಅಂಗಡಿಯಲ್ಲಿ. ಅವನು ಪೈಪುಗಳನ್ನು ಕತ್ತರಿಸಿ, ನೆಲಕ್ಕೆ ಹಾಸಿ, ಮೂಲೆ ಮೂಲೆಗೆ ಬೆಸುಗೆ ಹಾಕಿದ. ಕೆಂಪು ಬಣ್ಣ ಬಳಿಯುವಾಗ ನನ್ನ ಬೆನ್ನು ತಟ್ಟಿ, "ಇಷ್ಟ ಚಲೋ ಪೈಪು, ಯಾರದರ ಮನಿ ಗೇಟ್ ಆಗ್ತಿತ್ತು. ಇವ್ರ ಹಲ್ಲ ತೋರ್ಸಾಕ ಹೊಂಟತಿ ನೋಡು" ಎಂದ. ಹುಟ್ಟಿದ ದಿನ ನನ್ನ ಪರವಾಗಿ ಮಾತಾಡಿದವನು ಅವನೊಬ್ಬನೇ.

ನನ್ನನ್ನು ಕೊಂಡವನು ಫ್ಲೆಕ್ಸ್ ಅಂಗಡಿಯ ಅಡಿವೆಪ್ಪ. ಮದುವೆ, ಹುಟ್ಟುಹಬ್ಬ, ಸಾವು, ಎಲ್ಲಕ್ಕೂ ಅವನೇ ಪ್ರಿಂಟ್ ಹಾಕಿ, ಚೌಕಟ್ಟನ್ನೂ ಅವನೇ ಬಾಡಿಗೆಗೆ ಕೊಡುತ್ತಿದ್ದ. ನನ್ನನ್ನು ನೆಲ ಅಗೆದು ನಿಲ್ಲಿಸಲಿಲ್ಲ. ಸರ್ಕಲ್ಲಿನ ಲೈಟ್ ಕಂಬಕ್ಕೆ ತಂತಿಯಲ್ಲಿ ಬಿಗಿದ. "ಮುಂದಿನ ವಾರ ಕಾಂಕ್ರೀಟ್ ಹಾಕೂಣು" ಎಂದ. ಆ ಮುಂದಿನ ವಾರ ಇಂದಿಗೂ ಬಂದಿಲ್ಲ.

ಫ್ಲೆಕ್ಸ್ ಕಟ್ಟುವವನು ದುಂಡಪ್ಪ. ಬಾಯಲ್ಲಿ ಬ್ಲೇಡು ಕಚ್ಚಿಕೊಂಡು ಮಂಗನಂತೆ ನನ್ನನ್ನು ಹತ್ತುತ್ತಿದ್ದ. ಮೂಲೆ ಬಿಗಿದ ಮೇಲೆ ಫ್ಲೆಕ್ಸಿನಲ್ಲಿ ಅಲ್ಲಲ್ಲಿ ಅರ್ಧಚಂದ್ರದಂತೆ ಸೀಳು ಹಾಕುವುದು ಅವನ ಪದ್ಧತಿ. ಗಾಳಿ ಬಂದರೆ ಆ ಸೀಳುಗಳಲ್ಲಿ ಹಾಯ್ದು ಹೋಗುತ್ತದೆ. ಸೀಳಿಲ್ಲದಿದ್ದರೆ ಫ್ಲೆಕ್ಸು ಹಾಯಿಯಂತೆ ಉಬ್ಬಿ ಚೌಕಟ್ಟನ್ನೇ ಕಿತ್ತುಬಿಡುತ್ತದೆ. ಅವನು ಅದಕ್ಕೆ "ಉಸಿರ ಹಾಕೋದು" ಎನ್ನುತ್ತಿದ್ದ. ಅವನ ಹೆಂಡತಿ ಕಸ್ತೂರೆವ್ವ ನನ್ನ ಕಾಲಬುಡದಲ್ಲೇ ಮಿರ್ಚಿ ಭಜಿಯ ಬಂಡಿ ಇಟ್ಟಿದ್ದಳು. ಪಕ್ಕದಲ್ಲಿ ಬಳೆ ಮಾರುವ ಮುದುಕಿ ಹುಸೇನಬಿ. ಇಬ್ಬರ ಬಾಯಿಗೂ ಬೀಗವಿಲ್ಲ. ಅವರ ಮಾತು ಕೇಳುತ್ತಾ ನನ್ನ ಹಗಲು ಕಳೆಯುತ್ತಿತ್ತು.

ಮೊದಮೊದಲು ನನ್ನ ಮೇಲೆ ಮದುಮಕ್ಕಳು ಬಂದರು, ತೊಟ್ಟಿಲ ಕೂಸುಗಳು ಬಂದವು. ಆಮೇಲೆ ಪರಗೌಡರು ಬಂದರು. ಬಿಳಿ ಅಂಗಿ, ಮುಗಿದ ಕೈ, ಬಾಯಿತುಂಬ ಹಲ್ಲು. ಊರಿನ ಮುಖಂಡರು. ಏನು ಮಾಡಿ ಮುಖಂಡರಾದರೋ ನನಗೆ ಗೊತ್ತಿಲ್ಲ. ದೇಶದಲ್ಲಿ ಏನೇ ಆಗಲಿ, ಅದರ ಜೊತೆ ಅವರ ಮುಖವನ್ನು ನಾನು ಹೊರಬೇಕಾಯಿತು.

ಸರ್ಕಾರ ದೊಡ್ಡ ನೋಟುಗಳನ್ನು ರದ್ದು ಮಾಡಿದ ವರ್ಷ ಎದುರಿನ ಬ್ಯಾಂಕಿನ ಸಾಲು ನನ್ನ ಕಾಲಿನವರೆಗೆ ಬಂತು. ನನ್ನ ಮೇಲೆ "ಐತಿಹಾಸಿಕ ನಿರ್ಧಾರಕ್ಕೆ ಅಭಿನಂದನೆ" ಎಂಬ ಫ್ಲೆಕ್ಸು. ಕೆಳಗೆ, ಅದರ ನೆರಳಿನಲ್ಲಿ, ಹಸಿದು ನಿಂತ ಜನ. ಒಬ್ಬ ಮುದುಕ ನನ್ನ ಕಾಲಿಗೆ ಒರಗಿ ಕುಳಿತ, ಹಾಗೇ ಜಾರಿದ. ಹುಸೇನಬಿ ಓಡಿ ಬಂದು ಮುಖಕ್ಕೆ ನೀರು ಚಿಮುಕಿಸಿದಳು. ಅವನು ಏಳಲಿಲ್ಲ. ಸಾಲಿನಲ್ಲಿದ್ದವರು ಅವನನ್ನು ಎತ್ತಿ ಪಕ್ಕಕ್ಕೆ ಮಲಗಿಸಿ, ತಮ್ಮ ಜಾಗ ತಪ್ಪೀತೆಂದು ಓಡಿ ಹೋಗಿ ನಿಂತರು. ನಾನು ಅವರನ್ನು ಬೈಯುವುದಿಲ್ಲ. ಅವರನ್ನು ಹಾಗೆ ನಿಲ್ಲಿಸಿದವರನ್ನು ಬೈಯುತ್ತೇನೆ.

ಮತ್ತೊಂದು ವರ್ಷ, ದೂರದ ಗಡಿಸೀಮೆಯ ಹೆದ್ದಾರಿಯಲ್ಲಿ ಯೋಧರ ಬಸ್ಸಿಗೆ ಸ್ಫೋಟಕ ತುಂಬಿದ ಗಾಡಿ ಬಂದು ಗುದ್ದಿತು. ಕಸ್ತೂರೆವ್ವ ಆ ದಿನ ಒಲೆ ಹಚ್ಚಲಿಲ್ಲ. ಮರುದಿನ ನನ್ನ ಮೇಲೆ ಶ್ರದ್ಧಾಂಜಲಿ. ಯೋಧರ ಮುಖಗಳು ಅಂಚೆ ಚೀಟಿಯಷ್ಟು, ಪರಗೌಡರ ಮುಖ ಎತ್ತಿನ ಬಂಡಿಯ ಗಾಲಿಯಷ್ಟು. ಹಿಂದಿನ ವಾರದ ಹುಟ್ಟುಹಬ್ಬದ ಫ್ಲೆಕ್ಸಿನ ನಮೂನೆಯಲ್ಲೇ ಯೋಧರನ್ನು ಕೂಡಿಸಿ ಪ್ರಿಂಟ್ ಹಾಕಿದ್ದರು. ಅಡಿಯಲ್ಲಿ "ಶುಭ ಕೋರುವವರು" ಎಂಬುದು ಹಾಗೇ ಉಳಿದಿತ್ತು. ಕಸ್ತೂರೆವ್ವ ಅದನ್ನು ಅಕ್ಷರ ಕೂಡಿಸಿ ಓದಿ, "ಚಾಚಿ, ಸತ್ತವ್ರಿಗೆ ಶುಭ ಕೋರ್‍ಯಾರ ನೋಡ ಇವ್ರು" ಎಂದಳು. ಹುಸೇನಬಿ ತಲೆ ಎತ್ತದೆ, "ಅವ್ರಿಗೆ ಶುಭಾನ ಅಲ್ಲೇನ ಬೇ, ಮಾರಿ ತೋರ್ಸಾಕ ಇನ್ನೊಂದ ಸಾವು ಸಿಕ್ತಲ್ಲ" ಎಂದಳು.

ಅದೇ ವರ್ಷ ಮಳೆಗಾಲದಲ್ಲಿ ಹೊಳೆ ಊರೊಳಗೆ ಬಂತು. ಕೆಳಗಿನ ಓಣಿಯ ಮನೆಗಳು ಗೋಡೆ ಸಮೇತ ಕರಗಿದವು. ದುಂಡಪ್ಪ ಯಾರನ್ನೂ ಕೇಳದೆ ನನ್ನನ್ನು ಬಿಚ್ಚಿ ಶಾಲೆಯ ಅಂಗಳಕ್ಕೆ ಹೊತ್ತೊಯ್ದ. ನನ್ನನ್ನು ಅಡ್ಡ ಮಲಗಿಸಿ, ಕಂಬ ಕೊಟ್ಟು, ಮೇಲೆ ಹಳೆಯ ಫ್ಲೆಕ್ಸ್ ಹೊದಿಸಿದ. ನಾನು ಮಾಡು ಆದೆ. ನನ್ನ ಕೆಳಗೆ ಬಾಣಂತಿ ಮಲಗಿದಳು, ಒಲೆ ಉರಿಯಿತು, ಕೂಸು ಅತ್ತಿತು. ಪರಗೌಡರ ಮುಖ ಆಕಾಶ ನೋಡುತ್ತಾ ಮಳೆ ಹೊಡೆಸಿಕೊಂಡಿತು. ಅವರಿಂದ ಜನರಿಗೆ ಆದ ಉಪಕಾರ ಅದೊಂದೇ. ನೀರು ಇಳಿದ ಕೂಡಲೇ ಅವರ ಬಲಗೈ ಬಾಳೇಶಿ ಬಂದು, "ಸಾಹೇಬ್ರು ನೆರಿ ನೋಡಾಕ ಬರಾಕತ್ತಾರ, ಸ್ವಾಗತದ ಫ್ಲೆಕ್ಸ್ ಬೇಕು" ಎಂದು ಬಾಣಂತಿಯ ತಲೆಯ ಮೇಲಿನ ಮಾಡನ್ನು ಬಿಚ್ಚಿಸಿಕೊಂಡು ಹೋದ. ಅಂದು ನನ್ನ ಬೆಸುಗೆಗಳೆಲ್ಲ ಕಟಕಟ ಅಂದವು.

ಆಮೇಲೆ ಕೊರೊನಾ. ಸರ್ಕಲ್ಲಿನಲ್ಲಿ ನಾಯಿ ಕೂಡ ಇರಲಿಲ್ಲ. ನನ್ನ ಮೇಲೆ ಪರಗೌಡರಿದ್ದರು, "ಮಾಸ್ಕ್ ಧರಿಸಿ" ಎಂಬ ಉಪದೇಶದೊಂದಿಗೆ. ಮುಖ ಮುಚ್ಚಿಹೋದೀತೆಂದು ಅವರು ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡಿದ್ದರು. ಎರಡನೆಯ ಸಲ ರೋಗ ಬಂದಾಗ ಆಂಬುಲೆನ್ಸುಗಳು ಎಡೆಬಿಡದೆ ಓಡಾಡಿದವು. ಒಂದರಲ್ಲಿ ಅಡಿವೆಪ್ಪನೂ ಹೋದ. ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ, ಆಕ್ಸಿಜನ್ ಇಲ್ಲ. ಬಾಗಿಲಲ್ಲೇ ಏದುಸಿರು ಬಿಡುತ್ತಾ ಸತ್ತ. ಊರಿನ ಎಲ್ಲ ಸಾವಿಗೂ ಫ್ಲೆಕ್ಸ್ ಮಾಡಿಕೊಟ್ಟವನಿಗೆ ಒಂದು ಫ್ಲೆಕ್ಸ್ ಮಾಡಲು ಅಂಗಡಿ ತೆಗೆಯುವವರಿರಲಿಲ್ಲ.

ಅವನ ಹೆಂಡತಿ ಅಂಗಡಿ ಮಾರಿದಳು. ಕೊಂಡವರು ಪರಗೌಡರು, ನೋಡಿಕೊಳ್ಳುವವನು ಬಾಳೇಶಿ. ಹಾಗೆ ನಾನು ಅವರ ಪಾಲಾದೆ. ಇದುವರೆಗೆ ಬಾಡಿಗೆಗೆ ಹೊರುತ್ತಿದ್ದ ಮುಖವನ್ನು ಇನ್ನು ಜೀತಕ್ಕೆ ಹೊರಬೇಕಾಯಿತು. ಬಾಳೇಶಿ ನನ್ನ ತಲೆಯ ಮೇಲೆ ಇನ್ನಷ್ಟು ಪೈಪು ಬೆಸೆಸಿ ಎತ್ತರ ಮಾಡಿಸಿದ. ಕಾಲು ಮಾತ್ರ ಅದೇ ಹಳೆಯ ತಂತಿಯಲ್ಲಿ.

ಎರಡು ಬೇಸಿಗೆ ಕಳೆದವು. ಮಳೆ ಇನ್ನೇನು ಹಿಡಿಯಬೇಕು ಎನ್ನುವಾಗ ದೂರದ ರಾಜ್ಯದಲ್ಲಿ ರೈಲುಗಳು ಒಂದಕ್ಕೊಂದು ಗುದ್ದಿ ನೂರಾರು ಜನ ಸತ್ತರು. ಬೆಳಗಾಗುವುದರಲ್ಲಿ ಶ್ರದ್ಧಾಂಜಲಿ ಸಿದ್ಧ. ಇಡೀ ಫ್ಲೆಕ್ಸ್ ಪರಗೌಡರೇ. ಸುತ್ತ ಅವರ ಹಿಂಬಾಲಕರ ಮುಖಗಳು. ಒಂದು ಮೂಲೆಯಲ್ಲಿ ಮುರಿದ ರೈಲು. ಸತ್ತವರು ಎಲ್ಲಿಯೂ ಇಲ್ಲ.

ದುಂಡಪ್ಪ ಮೂಲೆ ಬಿಗಿದು, ಬಾಯಿಂದ ಬ್ಲೇಡು ತೆಗೆದ.

"ಏ, ಏ! ಎಲ್ಲಿಗೆ ಹಾಕ್ತೀಲೇ ಬ್ಲೇಡು?" ಕೆಳಗಿನಿಂದ ಬಾಳೇಶಿ ಕೂಗಿದ.

"ಉಸಿರ ಹಾಕಬೇಕಲ್ರಿ. ಗಾಳಿ ದಿನ."

"ಸಾಹೇಬ್ರ ಗಲ್ಲ ಕೊಯ್ತಿಯೇನು? ಮೊನ್ನೆ ಹಿಂಗ ಕೊಯ್ದಿದ್ದಿ, ವಾಟ್ಸಾಪಿನ್ಯಾಗ ಮಂದಿ ನಕ್ಕ ನಕ್ಕ ಸತ್ತಾರ."

"ಅಂಗಿ ಮ್ಯಾಲೆ ಹಾಕ್ಲೇನ್ರಿ?"

"ಅಂಗಿ ಯಾರದಲೇ? ಅವ್ರದ ಅಲ್ಲ?"

"ಹಂಗಾರ ರೈಲಿನ ಮ್ಯಾಲೆರ..."

"ರೈಲಿನ ಬಾಜೂಕ ನನ್ನ ಫೋಟೋ ಐತಿ. ಇಳಿ ಕೆಳಗ!"

ದುಂಡಪ್ಪ ಇಳಿದ. ಕಸ್ತೂರೆವ್ವ ಭಜಿಯ ಹಿಟ್ಟು ಕಲಸುತ್ತಿದ್ದವಳು ಕೈ ಬಿಟ್ಟು ನಿಂತಳು.

"ನಿಮಗ ಗೊತ್ತಿದ್ದೂ ಇಳದು ಬಂದ್ರೇನು? ನಾವ್ ಇದರ ಬುಡಕ ಕುಂದ್ರೋರು."

"ಅಂವ ಹೋಗ್ಲಿ, ಆಮ್ಯಾಲೆ ಹತ್ತಿ ಕೊಯ್ತೇನ. ಈಗ ಸುಮ್ನಿರು. ನಾಳಿಂದ ಕೆಲಸ ಕೊಡಲಿಲ್ಲಂದ್ರ?"

ಹುಸೇನಬಿ ಬಳೆ ಒರೆಸುತ್ತಾ ನಕ್ಕಳು. "ಎಷ್ಟ ಹಲ್ಲ ಅದಾವ ನೋಡ ಇವ್ಗ. ಮಂದಿ ಸತ್ತಾಗ ಇಷ್ಟ ನಗಾವ, ಮದುವ್ಯಾಗ ಏನ ಮಾಡ್ತಾನ?"

ಬಾಳೇಶಿ ಹೋಗಲಿಲ್ಲ. ಚಹಾ ಕುಡಿಯುತ್ತಾ, ಫೋಟೋ ಹೊಡೆಯುತ್ತಾ, ಎದುರಿನ ಕಟ್ಟೆಯ ಮೇಲೆ ಮಧ್ಯಾಹ್ನದವರೆಗೆ ಕುಳಿತ. ದುಂಡಪ್ಪ ಬ್ಲೇಡು ಜೇಬಿನಲ್ಲಿಟ್ಟುಕೊಂಡು ಸುತ್ತುತ್ತಿದ್ದ. ನನ್ನನ್ನು ನೋಡುವುದು, ಬಾಳೇಶಿಯನ್ನು ನೋಡುವುದು.

ಊಟದ ಹೊತ್ತಿಗೆ ಪಡುವಣದಲ್ಲಿ ಮಣ್ಣಿನ ಗೋಡೆ ಎದ್ದಂತೆ ಗಾಳಿ ಬಂತು. ಕಸ್ತೂರೆವ್ವ ನೀರು ತರಲು ನಲ್ಲಿಗೆ ಹೋಗಿದ್ದಳು. ಹುಸೇನಬಿ ಬಳೆಯ ಬುಟ್ಟಿಯ ಮೇಲೆ ಸೆರಗು ಹೊದಿಸಿ ಬಾಗಿ ಕುಳಿತಳು. ಫ್ಲೆಕ್ಸು ಉಬ್ಬಿತು. ಗಾಳಿಗೆ ಹೋಗಲು ಒಂದು ಕಿಂಡಿಯೂ ಇರಲಿಲ್ಲ. ಪರಗೌಡರ ಕೆನ್ನೆ ಬಲೂನಿನಂತೆ ಊದಿತು. ತಂತಿಗಳು ಒಂದೊಂದೇ ಹರಿದವು. ದುಂಡಪ್ಪ ಬ್ಲೇಡು ಹಿಡಿದು ಓಡಿ ಬರುತ್ತಿದ್ದ, "ಚಾಚೀ, ಏಳ! ಏಳ!" ಎಂದು ಕೂಗುತ್ತಿದ್ದ. ನಾನು ಬೀಳಲಾರೆ ಎಂದು ಹಟ ಹಿಡಿದೆ. ಕಬ್ಬಿಣದ ಹಟವನ್ನು ಗಾಳಿ ಕೇಳುತ್ತದೆಯೇ? ಬಿದ್ದೆ. ಬಳೆಗಳ ಸದ್ದು ಕೇಳಿಸಿತು. ಅದಾದ ಮೇಲೆ ಹುಸೇನಬಿಯದು ಏನೂ ಕೇಳಿಸಲಿಲ್ಲ.

ಜನ ಓಡಿ ಬಂದರು. ಬಾಳೇಶಿಯೂ ಓಡಿ ಬಂದ, ಬಂದವನೇ ತನ್ನ ಹುಡುಗರಿಗೆ ಹೇಳಿದ್ದು ಇದು: "ಮೊದಲ ಫ್ಲೆಕ್ಸ್ ಬಿಚ್ರಿ!" ನನ್ನ ಕೆಳಗೆ ಒಬ್ಬ ಹೆಣ್ಣುಮಗಳು ಸಿಕ್ಕಿದ್ದಾಳೆ, ಇವನಿಗೆ ಫ್ಲೆಕ್ಸಿನ ಚಿಂತೆ. ಹಗ್ಗ ಕೊಯ್ದು ಬಿಚ್ಚಿದರು. ಜನ ನನ್ನನ್ನು ಎತ್ತಿ ಅವಳನ್ನು ಹೊರಗೆಳೆದರು. ಆಂಬುಲೆನ್ಸ್ ಬರಲಿಲ್ಲ. ಕಸ್ತೂರೆವ್ವ ಕೊಡ ಎಸೆದು ಬಂದವಳು, ಬಾಳೇಶಿ ಸುತ್ತುತ್ತಿದ್ದ ಫ್ಲೆಕ್ಸನ್ನು ಜಗ್ಗಿ ಕಸಿದಳು. ಅದನ್ನೇ ಹಾಸಿ, ಹುಸೇನಬಿಯನ್ನು ಅದರಲ್ಲಿ ಮಲಗಿಸಿ, ನಾಲ್ಕು ಮೂಲೆ ಹಿಡಿದು ಟೆಂಪೋಗೆ ಏರಿಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತಂತೆ.

ಟಿವಿಯವರು ಒಂದು ಸಂಜೆ ತೋರಿಸಿದರು. ಗಾಳಿಗೆ ಬಲಿ ಎಂದರು. ಗಾಳಿ ಏನು ಮಾಡಿತ್ತು?

ಪೊಲೀಸರು ದುಂಡಪ್ಪನನ್ನು ಹಿಡಿದರು. ನಿರ್ಲಕ್ಷ್ಯದಿಂದ ಕಟ್ಟಿದವನು ಅವನಂತೆ. ನನ್ನನ್ನು ಮುದ್ದೇಮಾಲು, ಕೇಸಿನ ಸಾಕ್ಷಿವಸ್ತು, ಎಂದು ಎಳೆದು ತಂದು ಠಾಣೆಯ ಹಿಂದೆ ಒಗೆದರು. ಸರ್ಕಲ್ಲಿನ ಅಂಗಡಿಯವರನ್ನೆಲ್ಲ ಕರೆಸಿ ಕೇಳಿದರು. ಫ್ಲೆಕ್ಸಿನಲ್ಲಿ ಯಾರ ಮುಖ ಇತ್ತು? "ಲಕ್ಷ್ಯ ಕೊಟ್ಟಿಲ್ರಿ." "ಗಿರಾಕಿ ಇದ್ವು, ಮ್ಯಾಲೆ ನೋಡಿಲ್ರಿ." "ಯಾವ್ದೋ ರೈಲಿತ್ರಿ." ಮನೆಯೆತ್ತರದ ಮುಖ ಊರಿನಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ! ನಾನು ಕಬ್ಬಿಣವಾಗಿದ್ದೂ ನಾಚಿಕೊಂಡೆ.

ದುಂಡಪ್ಪ ಜಾಮೀನಿನ ಮೇಲೆ ಬಂದ. ಬಾಳೇಶಿ ಅವನ ಭುಜದ ಮೇಲೆ ಕೈ ಹಾಕಿಕೊಂಡು ಠಾಣೆಯ ಹಿಂದೆ, ನನ್ನ ಪಕ್ಕದಲ್ಲೇ ನಿಂತು ಹೇಳಿದ: "ತಪ್ಪಾತು ಅಂತ ಒಪ್ಕೊ. ಸಾಹೇಬ್ರು ನೋಡ್ಕೋತಾರ. ಬಾಯಿ ಬಿಟ್ಟಿ ಅಂದ್ರ, ನಿನ್ನ ಹೆಂಡ್ತಿ ಬಂಡಿ ನಾಳೆ ಸರ್ಕಲ್ಲಿನ್ಯಾಗ ಇರಂಗಿಲ್ಲ." ದುಂಡಪ್ಪ ತಲೆ ಆಡಿಸಿದ. ಆ ತಲೆಯನ್ನು ಹಿಡಿದು ನಿಲ್ಲಿಸುವ ಕೈ ನನಗಿರಲಿಲ್ಲ.

ಕಸ್ತೂರೆವ್ವ ಗಂಡನ ಜೊತೆ ಮಾತು ಬಿಟ್ಟಳು. ಊಟಕ್ಕೆ ನೀಡುತ್ತಿದ್ದಳಂತೆ, ಮಾತಿಲ್ಲ. ಕೋರ್ಟಿನ ದಿನ ಮಾತ್ರ ಅವನ ಹಿಂದೆಯೇ ಬಂದಳು. ನಮ್ಮೂರಲ್ಲಿ ಕೋರ್ಟು, ಠಾಣೆ ಎರಡೂ ಒಂದೇ ಆವರಣದಲ್ಲಿ. ಅವಳ ತಲೆಯ ಮೇಲೆ ದೊಡ್ಡ ಸುರುಳಿ. ಹುಸೇನಬಿಯನ್ನು ಹೊತ್ತ ಫ್ಲೆಕ್ಸ್ ಅದು; ಆಸ್ಪತ್ರೆಯಿಂದ ಅವಳೇ ತಂದಿಟ್ಟುಕೊಂಡಿದ್ದಳು, ಬಾಳೇಶಿ ಮನೆಗೆ ಹೋಗಿ ಎಷ್ಟು ಹೆದರಿಸಿ ಕೇಳಿದರೂ ಕೊಟ್ಟಿರಲಿಲ್ಲ. ಒಳಗೆ ಹಾಸಲು ಜಾಗ ಸಾಲಲಿಲ್ಲ. ನ್ಯಾಯಾಧೀಶೆಯೇ ಎದ್ದು ಅಂಗಳಕ್ಕೆ ಬಂದರು. ನನ್ನ ಎದುರಿಗೆ ಸುರುಳಿ ಬಿಚ್ಚಿಕೊಂಡಿತು. ಮುಗಿದ ಕೈ, ಹಲ್ಲು, ಬಿಳಿ ಅಂಗಿ. ಅಂಗಿಯ ಮೇಲೆ ಕಂದು ಬಣ್ಣಕ್ಕೆ ತಿರುಗಿದ ರಕ್ತ.

"ಇದು ಯಾರ ಚಿತ್ರ?" ನ್ಯಾಯಾಧೀಶೆ ಸುತ್ತ ನಿಂತವರನ್ನು ಕೇಳಿದರು.

ಪೇದೆಗಳು ನೆಲ ನೋಡಿದರು. ಸಾಕ್ಷಿಗೆ ಬಂದ ಅಂಗಡಿಯವರು ಒಬ್ಬರ ಹಿಂದೆ ಒಬ್ಬರು ಸರಿದರು. ಗೇಟಿನ ಬಳಿ ಬಾಳೇಶಿ ಫೋನ್ ಕಿವಿಗೆ ಹಚ್ಚಿಕೊಂಡು ನಿಂತಿದ್ದ.

ಕಸ್ತೂರೆವ್ವ ಗಂಡನ ಕಡೆ ತಿರುಗಿದಳು. "ಹುಸೇನಬಿ ಚಾಚಿ ನಿಮ್ಮ ಕೈಲೆ ಎಷ್ಟ ಸಲ ಭಜಿ ಇಸಗೊಂಡ ತಿಂದಾಳ. ಈಗರ ಹೇಳ್ರಿ" ಎಂದಳು. ಇಷ್ಟು ದಿನಕ್ಕೆ ಅವನೊಡನೆ ಆಡಿದ ಮೊದಲ ಮಾತು.

ದುಂಡಪ್ಪ ಫ್ಲೆಕ್ಸಿನ ಅಂಚಿಗೆ ಬಂದ. ಅದರ ಮೇಲೆ ಕಾಲಿಡಲು ಹಿಂಜರಿದ. ಆಮೇಲೆ ಚಪ್ಪಲಿ ಬಿಡದೆ ನಡೆದು ಹೋಗಿ, ಆ ದೊಡ್ಡ ಗಲ್ಲದ ಮೇಲೆ ನಿಂತ.

"ಇವ್ರು ಪರಗೌಡ್ರು ರೀ. ಇಲ್ಲಿ ಸೀಳ ಹಾಕಬೇಕಿತ್ರಿ, ಇಲ್ಲಿ, ಇಲ್ಲಿ. ಬ್ಲೇಡು ನನ್ನ ಕೈಯಾಗ ಇತ್ರಿ. ಬ್ಯಾಡ ಅಂದಾಂವ ಅಲ್ಲಿ ಗೇಟಿನ್ಯಾಗ ನಿಂತಾನ್ರಿ. ನಾ ಅಂಜಿ ಇಳದೆ. ನಂದೂ ತಪ್ಪ ಐತಿ, ಬರ್ಕೊರಿ. ಆದ್ರ ಅವ್ರದ ಮೊದಲ ಬರ್ಕೊರಿ."

ಬರೆದುಕೊಂಡರು. ಇಷ್ಟಾದರೂ ನ್ಯಾಯ ಸಿಕ್ಕಿತು ಎಂದು ನಾನು ಹೇಳುವುದಿಲ್ಲ. ಪರಗೌಡರ ಹೆಸರು ಕೇಸಿನಲ್ಲಿ ಸೇರಿತು, ಅವರು ಮೇಲಿನ ಕೋರ್ಟಿಗೆ ಹೋದರು, ವಾಯಿದೆಯ ಮೇಲೆ ವಾಯಿದೆ ಬೀಳುತ್ತಿದೆ. ಕಸ್ತೂರೆವ್ವನ ಬಂಡಿಯನ್ನು ಹೇಳಿದಂತೆಯೇ ಎತ್ತಿಸಿದರು. ಈಗ ಅವಳು ಕೋರ್ಟಿನ ಗೇಟಿನ ಹೊರಗೆ ಭಜಿ ಕರಿಯುತ್ತಾಳೆ, ಫ್ಲೆಕ್ಸ್ ಕೆಲಸ ಕಳೆದುಕೊಂಡ ದುಂಡಪ್ಪ ಮೆಣಸಿನಕಾಯಿ ಸೀಳಿಕೊಡುತ್ತಾನೆ. ಇಬ್ಬರೂ ಮಾತಾಡುತ್ತಾರೆ, ಜಗಳವನ್ನೂ ಆಡುತ್ತಾರೆ. ಪೇದೆಗಳು ಅಲ್ಲಿಗೇ ಬಂದು ತಿನ್ನುತ್ತಾರೆ, ಕಣ್ಣು ತಪ್ಪಿಸಿಕೊಂಡು.

ನನ್ನ ಮೇಲೆ ಜಪ್ತಿಯಾದ ಮೋಟಾರುಬೈಕುಗಳನ್ನು ಒರಗಿಸಿದ್ದಾರೆ. ಕಾಲುಗಳಿಗೆ ತುಕ್ಕು ಹಿಡಿದಿದೆ, ಮಳೆ ಬಿದ್ದರೆ ಕೆಂಪು ನೀರು ಹರಿಯುತ್ತದೆ. ಇಷ್ಟು ವರ್ಷ ಈ ದೇಶದ ಸಾವುಗಳೆಲ್ಲ ನನ್ನ ಮೇಲೆ ಹಾದುಹೋದವು, ಒಬ್ಬ ಸತ್ತವನ ಮುಖವನ್ನೂ ನಾನು ಪೂರ್ತಿ ಹೊರಲಿಲ್ಲ. ಸರ್ಕಲ್ಲಿನಲ್ಲಿ ಹೊಸ ಚೌಕಟ್ಟು ನಿಲ್ಲಿಸಿದ್ದಾರಂತೆ, ನನಗಿಂತ ಎತ್ತರದ್ದು. ಅದರ ಕಾಲಿಗೂ ತಂತಿಯನ್ನೇ ಬಿಗಿದಿದ್ದಾರೆ, ಫ್ಲೆಕ್ಸಿಗೆ ಒಂದು ಸೀಳೂ ಹಾಕಿಲ್ಲ ಎಂದು ನಿನ್ನೆ ಒಬ್ಬ ಪೇದೆ ಭಜಿ ತಿನ್ನುತ್ತಾ ಹೇಳಿದ. ಕಸ್ತೂರೆವ್ವ ಬಾಣಲೆಯನ್ನು ಕೆಳಗಿಳಿಸಿ, ಕೈ ಒರೆಸಿಕೊಂಡು, ಗಂಡನಿಗೆ "ನಡೀರಿ" ಎಂದಳು. ಅವನು ಬ್ಲೇಡು ಹುಡುಕಿಕೊಂಡ. ಇಬ್ಬರೂ ಹಾಡುಹಗಲೇ, ರಸ್ತೆಯ ನಟ್ಟನಡುವೆ, ಸರ್ಕಲ್ಲಿನ ಕಡೆ ನಡೆದು ಹೋದರು.