ಸರಸಕ್ಕನ ಪುಸ್ತಕಕ್ಕೊಂದು ಮುಖಪುಟ

ಸತ್ತವರಿಗೆ ರೇಷ್ಮೆ ಸೀರೆ ಉಡಿಸುವುದರಲ್ಲಿ ಬೈಂದೂರು ಕಡೆ ನನ್ನನ್ನು ಮೀರಿಸಿದವರಿಲ್ಲ. ಹೆಮ್ಮೆಗೆ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಯಡ್ತರೆಯ ರಸ್ತೆ ಬದಿಯಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ. ಯಾರದಾದರೂ ಅಮ್ಮ ತೀರಿಕೊಂಡರೆ ಮಗ ಆಧಾರ್ ಕಾರ್ಡಿನ ಫೋಟೊ ಹಿಡಿದುಕೊಂಡು ಬರುತ್ತಾನೆ. ನಾನು ಆ ಮುಖವನ್ನು ಕತ್ತರಿಸಿ, ಕಂಪ್ಯೂಟರಿನಲ್ಲಿ ಇಟ್ಟುಕೊಂಡ ಹನ್ನೆರಡು ರೇಷ್ಮೆ ಸೀರೆಗಳಲ್ಲಿ ಒಂದಕ್ಕೆ ಅಂಟಿಸಿ, ಕೊರಳಿಗೆ ಎರಡೆಳೆ ಸರ ಹಾಕಿ ಕಳಿಸುತ್ತೇನೆ. ಗಂಡಸರಾದರೆ ಕೋಟು. ಬದುಕಿದ್ದಾಗ ಅಂಗಿಯ ಮೇಲಿನ ಗುಂಡಿ ಹಾಕದವರೂ ನನ್ನ ಅಂಗಡಿಯಿಂದ ಕೋಟು ತೊಟ್ಟು ಹೊರಟಿದ್ದಾರೆ. ಇನ್ನು ಫ್ಲೆಕ್ಸಿನಲ್ಲಿ ಒಂದಿಂಚು ಜಾಗ ಖಾಲಿ ಉಳಿದರೆ ಗಿರಾಕಿಗೆ ಸಂಕಟ. ಅಲ್ಲೊಂದು ಹೂವು, ಇಲ್ಲೊಂದು ಪಾರಿವಾಳ, ಕೆಳಗೆ ಹಿತೈಷಿಗಳ ತಲೆಗಳ ಸಾಲು ತುಂಬಲೇಬೇಕು. ಹದಿಮೂರು ವರ್ಷ ಇದನ್ನೇ ಮಾಡಿ ನನಗೆ ಸಾಕೋ ಸಾಕಾಗಿತ್ತು.

ಹಾಗಿರುವಾಗ ಬ್ರಹ್ಮಾವರದಿಂದ ಸುಧೀರ್ ಸರ್ ಫೋನ್ ಮಾಡಿದರು. ಅವರು ನಿವೃತ್ತ ಉಪನ್ಯಾಸಕರು, ಮನೆಯ ಮುಂದಿನ ಕೋಣೆಯಲ್ಲೇ ಒಂದು ಸಣ್ಣ ಪ್ರಕಾಶನ ನಡೆಸುತ್ತಾರೆ. ಕುಂದಾಪುರದಲ್ಲಿ ಒಂದು ಪ್ರದರ್ಶನದಲ್ಲಿ ನನ್ನ ಪೆನ್ನಿನ ಚಿತ್ರಗಳನ್ನು ನೋಡಿದ್ದರಂತೆ. "ಒಂದು ಪುಸ್ತಕಕ್ಕೆ ಮುಖಪುಟ ಮಾಡಿಕೊಡಿ ರಮಿತಾ. ಚೆನ್ನಾಗಿ ಬಂದರೆ ಈ ವರ್ಷದ ಉಳಿದ ಎಂಟು ಪುಸ್ತಕವೂ ನಿಮ್ಮದೇ" ಎಂದರು. ಎಂಟು ಪುಸ್ತಕ! ಹಾಗೆ ನಾಲ್ಕು ಕಡೆ ಹೆಸರಾದರೆ ಆ ರೇಷ್ಮೆ ಸೀರೆಗಳನ್ನು ಕಂಪ್ಯೂಟರಿನಿಂದ ಅಳಿಸಿ ಹಾಕಬಹುದು. ಫೋನಿಟ್ಟವಳು ಅಂಗಡಿಯ ಬಾಗಿಲು ಅರ್ಧ ಎಳೆದು ಒಬ್ಬಳೇ ಕುಣಿದೆ.

ಪುಸ್ತಕ ಉಪ್ಪುಂದದ ಸರಸ ಎಂಬವರದ್ದು. ಮೂವತ್ತೊಂದು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವರು. ಮಂಡಿ ಸೋತ ಮೇಲೆ ಮನೆಯಲ್ಲಿ ಕೂತು, ಮೊಮ್ಮಗಳು ಅರ್ಧ ಬರೆದು ಬಿಟ್ಟ ಆರು ನೋಟ್‌ಬುಕ್ಕುಗಳಲ್ಲಿ ತನ್ನ ಕತೆ ಬರೆದು ಅಂಚೆಯಲ್ಲಿ ಕಳಿಸಿದ್ದರು. ಸುಧೀರ್ ಸರ್ ಅವರನ್ನು ಕಂಡೇ ಇರಲಿಲ್ಲ, ಫೋನಿನಲ್ಲಷ್ಟೇ ಮಾತು. ಟೈಪಾದ ಪ್ರತಿಯನ್ನು ನಾನು ಒಂದೇ ದಿನದಲ್ಲಿ ಓದಿದೆ. ಅದರಲ್ಲಿ ಸಿಂಬಿಯ ಮಾತು ಮತ್ತೆ ಮತ್ತೆ ಬರುತ್ತದೆ. ತಲೆಗೂ ಹೊರೆಗೂ ನಡುವೆ ಇಟ್ಟುಕೊಳ್ಳುವ ಆ ದುಂಡನೆಯ ಸುರುಳಿಯ ಮಾತು. ನನಗೆ ಮುಖಪುಟ ಹೊಳೆದುಬಿಟ್ಟಿತು. ಮೇಲಿನಿಂದ ನೋಡಿದ ಹಾಗೆ ಒಂದು ಸಿಂಬಿ, ಸುತ್ತಲೂ ಅಚ್ಚ ನೀಲಿ, ಬೇರೇನೂ ಇಲ್ಲ. ಹದಿಮೂರು ವರ್ಷ ಖಾಲಿ ಜಾಗಕ್ಕಾಗಿ ಹಂಬಲಿಸಿದವಳು ಅಷ್ಟನ್ನೂ ಒಂದೇ ಪುಟದಲ್ಲಿ ತೀರಿಸಿಕೊಂಡೆ.

ಸುಧೀರ್ ಸರ್ ನೋಡಿ ಹಿಗ್ಗಿದರು. "ಬೆಂಗಳೂರಿನವರೂ ತಿರುಗಿ ನೋಡುವ ಹಾಗಿದೆ. ಬರುವ ಶುಕ್ರವಾರ ಅಚ್ಚಿಗೆ ಕಳಿಸುತ್ತೇನೆ" ಎಂದರು. ನಾನು ಸುಮ್ಮನಿರಬಹುದಿತ್ತು. ಆದರೆ ಸುರುಳಿಯ ಸುತ್ತು ಎಡಕ್ಕೋ ಬಲಕ್ಕೋ ಎಂಬ ಸಣ್ಣ ಅನುಮಾನ ತಲೆಗೆ ಹೊಕ್ಕಿತ್ತು. ಶನಿವಾರ ಬೆಳಿಗ್ಗೆ ಸ್ಕೂಟರ್ ಹತ್ತಿ ಉಪ್ಪುಂದಕ್ಕೆ ಹೋದೆ.

ಸರಸಕ್ಕ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಯಾವ ಮನೆಯವಳು, ಏನು ಕೆಲಸ ಎಂದು ಹೇಳಿ ಚಿತ್ರ ತೋರಿಸಿದೆ. ಕನ್ನಡಕ ಏರಿಸಿ ನೋಡಿದವರೇ ನಕ್ಕರು.

"ಇದ್ ನಿಮ್ಮಂಥ ಗದ್ದಿ ಮನಿಯರ್ ಸಿಂಬಿ. ಹುಲ್ಲಿಂದ್. ಕೊಡಪಾನ ಇಡೂಕ್ ಸಮ. ಇದನ್ನ ಇಟ್ಕಂಡ್ ಮೀನ್ ಹೊತ್ರೆ ಒಂದ್ ಮೈಲಿ ಹೋಪುದ್ರೊಳಗೆ ತಲಿ ಹುಣ್ಣಾತ್. ನಾವ್ ಹಳೀ ಸೀರೆ ಸುತ್ತಿ ಮಾಡುದ್."

ನಾಚಿಕೆಯಾಯಿತು. ಅವರ ಇಡೀ ಪುಸ್ತಕ ಓದಿಯೂ ನಾನು ಬಿಡಿಸಿದ್ದು ನಮ್ಮ ಮನೆಯ ನೀರಿನ ಕೊಡದ ಅಡಿಯಲ್ಲಿದ್ದ ಹುಲ್ಲಿನ ಬಳೆಯನ್ನು. ಸರಸಕ್ಕ ಒಳಗಿಂದ ಒಂದು ಸೀರೆಯ ತುಂಡು ತರಿಸಿ, ಅಂಗೈಗೆ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿ ತೋರಿಸಿದರು. ಅಲ್ಲೇ ಕೂತು ಹೊಸದಾಗಿ ಬಿಡಿಸಿದೆ. ಮೊದಲಿನದಕ್ಕಿಂತ ಎಷ್ಟೋ ಚೆನ್ನಾಗಿ ಬಂತು.

"ಈಗ ಸಮ ಆಯ್ತ್" ಎಂದರು ಸರಸಕ್ಕ. "ಆರೆ ನಾನೆಲ್ಲಿದ್ದೆ?"

"ಎಲ್ಲಿ ಅಂದ್ರೆ?"

"ಇದ್ ನನ್ ಪುಸ್ತಕ ಅಲ್ದಾ? ಇದ್ರಗೆ ನಾನ್ ಕಾಂತಿಲ್ಲೆ."

ಸಿಂಬಿ ಎಂದರೆ ನೀವೇ, ಓದುವವರು ಆ ಖಾಲಿ ಜಾಗದಲ್ಲಿ ನಿಮ್ಮನ್ನು ಕಲ್ಪಿಸಿಕೊಳ್ಳುತ್ತಾರೆ ಎಂದು ನನಗೆ ತಿಳಿದಷ್ಟು ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು.

"ಖಾಲಿ ಜಾಗ್ದಗೆ ಕಾಂಬುದ್ ಬ್ಯಾಡ. ನನ್ ಮಖ ಹಾಕಿ. ನೀವ್ ಫ್ಲೆಕ್ಸಿಗ್ ಹಾಕ್ತ್ರಿ ಅಲ್ದಾ, ಹಾಂಗೇ. ರೇಷ್ಮಿ ಸೀರೆ, ಸರ, ಎಲ್ಲ ಇರ್ಕ್."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾವ ರೇಷ್ಮೆ ಸೀರೆಯಿಂದ ತಪ್ಪಿಸಿಕೊಳ್ಳಲು ಹೊರಟಿದ್ದೆನೋ ಅದೇ ಸೀರೆ ಉಪ್ಪುಂದದ ಜಗಲಿಯಲ್ಲಿ ಕಾದು ಕೂತಿತ್ತು.

"ಸರಸಕ್ಕ, ಅದ್ ಸತ್ತರಿಗೆ ಮಾಡುದ್!" ಎಂದುಬಿಟ್ಟೆ.

"ಸತ್ತ್ ಮೇಲೆ ಮಾಡೂಕ್ ಆತ್ ಅಂದ್ರೆ, ಬದ್ಕಿಪ್ಪತಿಗೆ ಎಂತಕ್ ಆತಿಲ್ಲೆ?"

ಸಾಮಾನು ಚೀಲಕ್ಕೆ ತುರುಕಿ ಎದ್ದೆ. ಅವರು ಕೂತಲ್ಲಿಂದಲೇ ಹೇಳಿದರು, "ನಿಮ್ ಮನಿಗ್ ನಾನ್ ಹನ್ನೊಂದ್ ವರ್ಷ ಮೀನ್ ತಂದಿದ್ದೆ. ಗೇಟಿನ್ ಹತ್ರ ನೆಲ್ಲಿ ಮರ ಇತ್ತಲೆ, ಆ ಮನಿ. ನೀವ್ ಸಣ್ಣರ್, ಬುಟ್ಟಿ ಕಂಡ್ ಓಡಿ ಬಪ್ಪರ್. ಈಗ ಕಾಂಬತಿಗೆ ನನ್ ಗುರ್ತ ಸಿಕ್ಕಿತಾ?"

ನಾನು ನಿಂತೇ ನೆನಪು ಮಾಡಿಕೊಂಡೆ. ಬುಟ್ಟಿ ನೆನಪಾಯಿತು. ಬಾಳೆಲೆ ಸರಿಸಿದರೆ ಹೊಳೆಯುತ್ತಿದ್ದ ಬೈಗೆ ಮೀನು, ಅಂಗಳದಾಚೆಯಿಂದ ಕೇಳುತ್ತಿದ್ದ ಕೂಗು, ಓಡಿ ಬರುತ್ತಿದ್ದ ಬೆಕ್ಕು ಸಹ ನೆನಪಾಯಿತು. ತಲೆಹೊರೆಯನ್ನು ಒಬ್ಬರೇ ಎತ್ತಿಕೊಳ್ಳಲು ಆಗುವುದಿಲ್ಲ, ಇನ್ನೊಬ್ಬರು ಕೈ ಕೊಡಬೇಕು. ನಮ್ಮ ಮನೆಯಲ್ಲಿ ಯಾರೂ ಕೈ ಕೊಡುತ್ತಿರಲಿಲ್ಲ. ಅಜ್ಜಿ ಮೀನು ಆರಿಸಿಕೊಂಡು ಒಳಗೆ ನಡೆಯುತ್ತಿದ್ದರು. ಮೀನಿನ ಹೆಂಗಸು ಬುಟ್ಟಿಯನ್ನು ಗೇಟಿನ ತನಕ ನೆಲದ ಮೇಲೆ ಎಳೆದುಕೊಂಡು ಹೋಗಿ, ದಾರಿಯಲ್ಲಿ ಯಾರಾದರೂ ಬರುವವರೆಗೆ ಕಾಯುತ್ತಾ ನಿಲ್ಲುತ್ತಿದ್ದಳು. ಆ ನಿಂತ ಬೆನ್ನು ನನಗೆ ಚೆನ್ನಾಗಿ ನೆನಪಿದೆ. ಎಷ್ಟು ತಡಕಾಡಿದರೂ ಮುಖ ಮಾತ್ರ ಸಿಗಲಿಲ್ಲ.

"ಸಿಕ್ಲಿಲ್ಲೆ" ಎಂದೆ. ಸುಳ್ಳು ಹೇಳಬಹುದಿತ್ತು, ಬಾಯಿ ಬರಲಿಲ್ಲ.

"ಯಾರಿಗೂ ಸಿಕ್ಕುದಿಲ್ಲೆ" ಎಂದರು ಅವರು, ಮಳೆ ಬರಲಿಲ್ಲ ಎನ್ನುವಷ್ಟೇ ಸಹಜವಾಗಿ. "ಅಷ್ಟ್ ವರ್ಷ ಜನ ಕಂಡದ್ದೇ ಬುಟ್ಟಿನ್. ಈಗ ಪುಸ್ತಕದ್ ಮೇಲೂ ಬರೀ ಸಿಂಬಿ ಇಟ್ರೆ ಮತ್ತ್ ಅದೇ ಆಯ್ತಲೆ."

ಮನೆಗೆ ಬಂದು ಊಟ ಸೇರಲಿಲ್ಲ. ಅಜ್ಜಿಯ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನನ್ನ ಮೇಲೆ ಬಂತು. ಅಜ್ಜಿ ಕೈ ಕೊಡಲಿಲ್ಲ ಸರಿ, ಕಲಾವಿದೆ ಎಂದು ಬೀಗಿಕೊಂಡ ನಾನು ಮಾಡಿದ್ದಾದರೂ ಏನು? ಸಂಜೆಯೊಳಗೆ ತೀರ್ಮಾನ ಮಾಡಿಬಿಟ್ಟೆ. ಈ ಪುಸ್ತಕದ ಮೇಲೆ ಸರಸಕ್ಕನ ಮುಖವೇ ಬರಬೇಕು. ಕತ್ತರಿಸಿ ಅಂಟಿಸಿದ್ದಲ್ಲ, ಎದುರು ಕೂತು ಬಿಡಿಸಿದ್ದು.

ಸುಧೀರ್ ಸರ್ ಫೋನಿನಲ್ಲೇ ಕಿಡಿಕಿಡಿಯಾದರು. "ಮುಖ ಹಾಕಿದರೆ ಅಭಿನಂದನ ಗ್ರಂಥದ ಹಾಗೆ ಕಾಣುತ್ತದೆ ರಮಿತಾ. ಬರೆದವರನ್ನೆಲ್ಲ ಕೇಳಿಕೊಂಡು ಮುಖಪುಟ ಮಾಡಿದರೆ ಮುಗಿಯಿತು ಕತೆ. ನೀವು ಮೊದಲು ಕಳಿಸಿದ ಸಿಂಬಿಯೇ ಇರಲಿ."

"ಅದು ಹುಲ್ಲಿನದು ಸರ್. ತಪ್ಪು."

"ಅದು ಯಾರಿಗೆ ಗೊತ್ತಾಗುತ್ತದೆ?"

"ಬರೆದವರಿಗೆ. ಈಗ ನನಗೂ. ಗುರುವಾರ ಬಂದು ತೋರಿಸುತ್ತೇನೆ, ಅಲ್ಲಿಯ ತನಕ ಕಳಿಸಬೇಡಿ" ಎಂದು ಅವರ ಉತ್ತರಕ್ಕೂ ಕಾಯದೆ ಫೋನಿಟ್ಟೆ.

ಸೋಮವಾರ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಉಪ್ಪುಂದಕ್ಕೆ ಹೋದೆ. ಸರಸಕ್ಕ ಮಗಳ ಮದುವೆಗೆ ಕೊಂಡ ಕೆಂಪು ರೇಷ್ಮೆ ಸೀರೆ ಉಟ್ಟು, ಸೆರಗಿಗೆ ಪಿನ್ನು ಹಾಕಿ, ತನ್ನದೇ ಎರಡೆಳೆ ಸರ ತೊಟ್ಟು ಕುರ್ಚಿಯಲ್ಲಿ ಸೆಟೆದು ಕೂತಿದ್ದರು. ನಾನು ನೂರಾರು ಮುಖ ಕತ್ತರಿಸಿದವಳೇ ಹೊರತು ಬದುಕಿರುವ ಒಂದು ಮುಖವನ್ನೂ ಬಿಡಿಸಿದವಳಲ್ಲ. ಮಧ್ಯಾಹ್ನಕ್ಕೆ ಕಾಗದದ ಮೇಲೆ ಬಂದದ್ದು ನನ್ನ ಫ್ಲೆಕ್ಸಿನ ಅಮ್ಮಂದಿರಲ್ಲಿ ಇನ್ನೊಬ್ಬಳು. ಹರಿದು ಹಾಕಿದೆ.

ಮಂಗಳವಾರವೂ ಹಾಗೆಯೇ ಆಯಿತು. ಫೋಟೊಗೆ ಕೂತವರ ಹಾಗೆ ಅವರು ಉಸಿರೇ ಬಿಡುತ್ತಿರಲಿಲ್ಲ. ಬುಧವಾರ ನಾನು ಒಂದು ಉಪಾಯ ಮಾಡಿದೆ. ಪೆನ್ನು ಹಿಡಿದುಕೊಂಡೇ, ಚೌಕಾಸಿಯಲ್ಲಿ ಅತ್ಯಂತ ಕಿರಿಕಿರಿ ಯಾರದ್ದು ಎಂದು ಕೇಳಿದೆ. ಸರಸಕ್ಕ ಶುರು ಮಾಡಿದರು ನೋಡಿ, ನಮ್ಮ ಅಜ್ಜಿಯಿಂದಲೇ. ಆಗ ಮುಖ ಬಿಚ್ಚಿಕೊಂಡಿತು. ಬುಟ್ಟಿಯ ಅಡಿಯಿಂದ ಜನರನ್ನು ನೋಡಿ ನೋಡಿ ಮೇಲೇರಿಯೇ ನಿಂತ ಬಲ ಹುಬ್ಬು, ಕಂಬದಂಥ ಕುತ್ತಿಗೆ, ನೆತ್ತಿಯಲ್ಲಿ ತೆಳ್ಳಗಾದ ಕೂದಲು, ಬೈಯುವಾಗಲೂ ನಗುವ ತುಟಿ. ಪುಟದ ಅಂಚಿನಿಂದ ಅಂಚಿಗೆ ಆ ಮುಖವನ್ನೇ ತುಂಬಿಸಿ, ಕೆಳಗೆ ಹೆಗಲ ಮೇಲಿನ ಸೀರೆಯ ಅಂಚು ಬಿಡಿಸಿದೆ. ಹೂವಿಲ್ಲ, ಪಾರಿವಾಳವಿಲ್ಲ, ಒಂದಿಂಚು ಖಾಲಿ ಜಾಗವೂ ಇಲ್ಲ. ಮುಗಿದಾಗ ಕಣ್ಣಲ್ಲಿ ನೀರು ಬಂತು, ಬರಲಿ ಎಂದು ಬಿಟ್ಟೆ.

ಸರಸಕ್ಕ ಚಿತ್ರವನ್ನು ತುಂಬಾ ಹೊತ್ತು ನೋಡಿದರು. "ನಾಳೆ ಬ್ರಹ್ಮಾವರಕ್ಕೆ ನಾನೂ ಬತ್ತೆ" ಎಂದರು.

ಸುಧೀರ್ ಸರ್ ಮನೆಯ ಮುಂದಿನ ಕೋಣೆಯಲ್ಲಿ ಮೂವರೂ ಕೂತೆವು. ಸರಸಕ್ಕ ಯಾರೆಂದು ಹೇಳಿದಾಗ ಸರ್ ಗಡಬಡಿಸಿ ಎದ್ದು ನೀರು, ಬೆಲ್ಲ ತಂದಿಟ್ಟರು. ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಚಿತ್ರ ಒಳ್ಳೆಯದೇ ಇದೆ. ಒಳಪುಟಕ್ಕೆ ಹಾಕೋಣ. ಮುಖಪುಟಕ್ಕೆ ಸಿಂಬಿಯೇ ಸರಿ. ಅದರಲ್ಲೊಂದು ಗಾಂಭೀರ್ಯ ಇದೆ. ಮಾರುಕಟ್ಟೆ ನಾನು ಕಂಡಿದ್ದೇನೆ ಸರಸಮ್ಮ, ನಿಮಗೆ ತಿಳಿಯುವುದಿಲ್ಲ."

"ಮೂವತ್ತೊಂದ್ ವರ್ಷ ನಾನ್ ಎಂತ ಮಾಡಿದ್ ಅಂದ್ಕಂಡ್ರಿ?" ಎಂದರು ಸರಸಕ್ಕ. ಆಮೇಲೆ ಮೇಜಿನ ಮೇಲೆ ಕೈ ಚಾಚಿದರು. "ನನ್ ಆರ್ ನೋಟ್‌ಬುಕ್ ಕೊಡಿ. ತಕಂಡ್ ಹೋತೆ."

ಸರ್ ತಮಾಷೆಯೆಂದು ನಕ್ಕರು. ಸರಸಕ್ಕನ ಕೈ ಅಲ್ಲೇ ಇತ್ತು. ಸರ್ ನನ್ನ ಕಡೆ ನೋಡಿದರು. "ಅವರ ಮುಖ ಇಲ್ಲದಿದ್ದರೆ ನನ್ನ ಸಿಂಬಿಯೂ ಇಲ್ಲ ಸರ್" ಎಂದೆ. ಎಂಟು ಪುಸ್ತಕ ಕಣ್ಣೆದುರೇ ಜಾರಿ ಹೋಗುತ್ತಿದ್ದವು, ಆದರೂ ಮಾತು ಗಟ್ಟಿಯಾಗಿಯೇ ಬಂತು. ಸರ್ ಚಾಚಿದ ಕೈಯನ್ನೊಮ್ಮೆ, ಚಿತ್ರವನ್ನೊಮ್ಮೆ, ಎದುರಿಗಿದ್ದ ಮುಖವನ್ನೊಮ್ಮೆ ನೋಡಿದರು. ಹಾಗೆ ನಾಲ್ಕೈದು ಸಲ ನೋಡಿದರು.

"ಶೀರ್ಷಿಕೆ ಎಲ್ಲಿ ಹಾಕುವುದು?" ಎಂದರು ಕೊನೆಗೆ.

"ಕೆಳಗೆ, ಸೀರೆಯ ಅಂಚಿನ ಮೇಲೆ" ಎಂದೆ.

"ಆಯಿತು. ನಾಳೆ ಕಳಿಸುತ್ತೇನೆ."

ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಆ ಎಂಟು ಪುಸ್ತಕದ ವಿಷಯ ಕೇಳಿದೆ. ಸರ್ ಮುಗುಳ್ನಕ್ಕು "ಕಾಂಬ" ಎಂದರು. ನೋಡೋಣ ಎಂದು ಅರ್ಥ. ನಮ್ಮ ಕಡೆಯಲ್ಲಿ ಇಷ್ಟು ನಗುತ್ತಾ ಕಾಂಬ ಎಂದರೆ ಇನ್ನು ಆ ವಿಷಯ ಎತ್ತಬೇಡ ಎಂದು ಎಲ್ಲರಿಗೂ ಗೊತ್ತು.

ಬಸ್ ಸ್ಟಾಪಿನಲ್ಲಿ ಸರಸಕ್ಕ ಕೇಳಿದರು, "ಅದೆಂತ ಎಂಟ್ ಪುಸ್ತಕ?"

ಹೇಳಿದೆ.

"ನನ್ ದೆಸಿಯಿಂದ ಹೋಯ್ತಾ?"

"ಹೌದ್."

"ಬೇಜಾರಾಯ್ತಾ ಹೆಣೆ?" ಅಷ್ಟು ದಿನ ನೀವು ಎನ್ನುತ್ತಿದ್ದವರು ಅದನ್ನು ಬಿಟ್ಟು ಹೆಣ್ಣೇ ಎಂದಿದ್ದರು.

"ಆಯ್ತ್ ಸರಸಕ್ಕ. ಸುಮಾರೇ ಆಯ್ತ್."

ಅವರು ರಸ್ತೆ ನೋಡುತ್ತಾ ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. "ಒಂದ್ ಬರೂಕೆ ನಂಗೆ ಎರಡ್ ವರ್ಷ ಹಿಡ್ತ್. ಎಂಟಕ್ಕೆ ಹದ್ನಾರ್. ಈಗ ಅರವತ್ಮೂರ್, ಎಪ್ಪತ್ತೊಂಬತ್ತಕ್ಕೆ ಮುಗಿತ್. ಎಂಟಕ್ಕೂ ನೀನೇ ಚಿತ್ರ ಬಿಡ್ಸ್ಕ್, ಆತಾ?"

ನಾನು ನಕ್ಕೆ. ಅವರು ನಗಲಿಲ್ಲ. ಬಸ್ಸು ಬಂತು, ಮಂಡಿ ನೋವಿಗೆ ಮೆಟ್ಟಿಲು ಹತ್ತಲು ಆಗದೆ ನಿಂತರು. ನಾನು ಕೈ ಕೊಟ್ಟೆ. ಕಿಟಕಿಯ ಸೀಟಿನಲ್ಲಿ ಕೂತು ಸೆರಗು ಸರಿಮಾಡಿಕೊಂಡವರೇ ನನ್ನ ಚೀಲದ ಕಡೆ ನೋಡಿದರು.

"ಒಂದ್ ಪೆನ್ ಕೊಡ್ ಕಾಂಬ" ಎಂದರು.