ಜಾಗ ತಪ್ಪಿದ ಅಕ್ಷರಗಳು

ಶಾಂಭವಿಯ ತಲೆ ಮತ್ತೆ ಎಡಕ್ಕೆ ವಾಲಿತು. ಹಂಪೇಶ ಎರಡೂ ಕೈಗಳಿಂದ ಅಕ್ಕನ ಕೆನ್ನೆ ಹಿಡಿದು ನೆಟ್ಟಗೆ ಮಾಡಿದ. ಅವನ ಹೆಂಡತಿ ಅಕ್ಷತಾ, ಹಣೆಗೆ ಸುತ್ತಿದ್ದ ಬಿಳಿ ಬಟ್ಟೆಯ ತುದಿಯನ್ನು ಹಿಂದಿನ ಕಿಟಕಿಯ ಸರಳಿಗೆ ಬಿಗಿದು ಕಟ್ಟಿದಳು. ಈಗ ಶಾಂಭವಿ ಗೋಡೆಗೆ ಒರಗಿ ಸುಮ್ಮನೆ ಕೂತಂತೆ ಕಂಡಳು.

“ಸಾಲಿಯವ್ರು ಯಾರರ ಬರ್ತಾರಂತೇನು?” ಅಕ್ಷತಾ ಕೇಳಿದಳು.

“ಗಾದೆಪ್ಪ ಮಾಸ್ತರು ಬರ್ತೀನಂದ್ರು.”

“ಅಕ್ಕಾರಿಗೆ ಗೆಳತ್ಯಾರು ಅಂತ ಯಾರಿದ್ರು? ಅವರಿಗೆ ಹೇಳ್ಬೇಕಿತ್ತು.”

ಹಂಪೇಶ ಯೋಚಿಸಿದ. ಒಂದು ಹೆಸರೂ ಹೊಳೆಯಲಿಲ್ಲ.

ಹಿಂದಿನ ದಿನ ಬಳ್ಳಾರಿಯ ಪಾರ್ವತಿನಗರದಲ್ಲಿ, ಅಕ್ಕ ಬಾಡಿಗೆಗಿದ್ದ ಮನೆಯ ಬಾಗಿಲಲ್ಲಿ ಹಾಲಿನ ಪಾಕೀಟು ಮಧ್ಯಾಹ್ನದವರೆಗೂ ಬಿದ್ದೇ ಇತ್ತು. ಮೇಲಿನ ಮನೆಯವರು ಬಾಗಿಲು ಒಡೆಸಿದರು. ನಿದ್ದೆಯಲ್ಲೇ ಹೋಗಿದ್ದಾರೆ ಎಂದರು ಡಾಕ್ಟರು. ಹಂಪೇಶ ಕುರುಗೋಡಿನ ತನ್ನ ಕಾಳಿನ ಅಂಗಡಿ ಮುಚ್ಚಿ ಓಡಿದ್ದ. ತಾಸಿನ ದಾರಿ. ಆದರೂ ಅವನು ಆ ಮನೆಯೊಳಗೆ ಕಾಲಿಟ್ಟು ವರ್ಷಗಳೇ ಆಗಿದ್ದವು. ಅಡಿಗೆಮನೆಯ ಕಟ್ಟೆಯ ಮೇಲೆ ತೊಳೆದ ಒಂದೇ ಒಂದು ತಟ್ಟೆ ಬೋರಲಾಗಿತ್ತು. ರಾತ್ರಿಯೇ ಅಕ್ಕನನ್ನು ಕುರುಗೋಡಿನ ಮನೆಗೆ ತಂದು, ಪದ್ಧತಿಯಂತೆ ಕೂರಿಸಿದ್ದರು.

ಹೊರಗೆ ಶಾಮಿಯಾನದ ಕಂಬಕ್ಕೆ ಶ್ರದ್ಧಾಂಜಲಿಯ ಬ್ಯಾನರ್ ಕಟ್ಟಿದ್ದರು. ಅಕ್ಕನ ಫೋಟೊ, ಕೆಳಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೆಸರು, ಹುದ್ದೆ. ಹತ್ತರ ಬಸ್ಸಿಗೆ ಬಂದ ಗಾದೆಪ್ಪ ಮಾಸ್ತರು ಹಾರ ಹಾಕಿ ಕೈಮುಗಿದು ಹೊರಬಂದವರು ಅದರ ಮುಂದೆ ನಿಂತುಬಿಟ್ಟರು. ಬಾಯಿಗೆ ಕರ್ಚೀಫು ಹಿಡಿದುಕೊಂಡರು.

“ಹಂಪೇಶಣ್ಣ, ಸಿಟ್ಟಾಗಬ್ಯಾಡ್ರಿ. ‘ರಿಟೈರ್ಡ್ ಟೀಚರ್’ ಅಂತ ಹಾಕ್ಸೀರಲ್ಲ, ಅದರಾಗ ಐ ಮತ್ತ ಆರ್ ಅದಲಿಬದಲಿ ಆಗಿ ‘ರಿಟ್ರೈಡ್’ ಆಗೇತಿ. ಅದೂ ನಮ್ಮ ಜಂಬಲ್ ಟೀಚರ್ ಸಾವಿನಾಗ.”

“ಏನ್ ಟೀಚರ್?”

“ಸಾಲ್ಯಾಗ ಹಂಗ ಕರೀತಿದ್ವಿ. ಯಾವಾಗ ನೋಡಿದ್ರೂ ಇಂಗ್ಲಿಷ್ ಅಕ್ಷರ ಕಲಸಿ ಹುಡುಗ್ರ ಮುಂದ ಹಾಕಾದು, ಜೋಡಸ್ರಿ ಅನ್ನಾದು. ಸ್ಟಾಫ್ ರೂಮಿನಾಗ ನಮ್ಮ ಮುಂದೂ ಚೀಟಿ ಹರವ್ತಿದ್ರು. ನಾವು ಚಾ ಕುಡ್ಯಾಕ ಅಂತ ಎದ್ದು ಹೋಗ್ತಿದ್ವಿ.”

“ಅಕ್ಕ?”

“ಅವ್ರು ಒಬ್ರ ಕುಂತು ಆಡ್ತಿದ್ರು.”

*

ಶಾಂಭವಿ ಡಿಗ್ರಿ ಮುಗಿಸಿದ ವರ್ಷ ಸಿರುಗುಪ್ಪದಿಂದ ಅವಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಹುಡುಗ ಬ್ಯಾಂಕಿನಲ್ಲಿದ್ದ. ಇಂಗ್ಲಿಷ್ ಬಲ್ಲ ಹುಡುಗಿಯೇ ಆಗಬೇಕು ಎಂದು ಮೊದಲೇ ಹೇಳಿ ಕಳಿಸಿದ್ದರು. ತಿಂಡಿಯಾದ ಮೇಲೆ ಹುಡುಗನ ಅಕ್ಕ ಹಾಳೆ, ಪೆನ್ನು ಮುಂದೆ ಮಾಡಿದಳು.

“ನಿನ್ನ ಬಗ್ಗೆ ಇಂಗ್ಲಿಷಿನಾಗ ನಾಕು ಸಾಲು ಬರಿಯವ್ವ.”

ಶಾಂಭವಿ ಸೆರಗು ಸರಿ ಮಾಡಿಕೊಂಡು ಬರೆದುಕೊಟ್ಟಳು. ಹುಡುಗ ಓದಿ ತುಟಿ ಕಚ್ಚಿಕೊಂಡು ಹಾಳೆಯನ್ನು ತನ್ನ ಅಕ್ಕನಿಗೆ ದಾಟಿಸಿದ.

“ಐ, ಇ ಹಿಂದಮುಂದ ಆಗ್ಯಾವ. ‘ಫ್ರೆಂಡ್’ ಬರಿಯಾಕ ಬರಂಗಿಲ್ಲೇನು, ಡಿಗ್ರಿ ಮಾಡಿದಾಕಿಗೆ?” ಎಂದಳು ಆಕೆ.

ಬಂದವರು ನಕ್ಕರು. ಬಂದವರು ನಕ್ಕರೆಂದು ಮನೆಯವರೂ ನಕ್ಕರು. ಅಪ್ಪ ನಕ್ಕ, ಸೋದರಮಾವ ನಕ್ಕ. ಆಗಿನ್ನೂ ಕಾಲೇಜಿನಲ್ಲಿದ್ದ ಹಂಪೇಶನೂ ನಕ್ಕ. ಶಾಂಭವಿ ಒಂದೊಂದೇ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಆ ಮನೆಯಿಂದ ಉತ್ತರ ಬರಲಿಲ್ಲ. ಮನೆಯಲ್ಲಿದ್ದ ಹಳೆಯ ಲಗ್ನಪತ್ರಿಕೆಗಳನ್ನೆಲ್ಲ ಕತ್ತರಿಸಿ, ಒಂದೊಂದು ಚೂರಿನ ಮೇಲೆ ಒಂದೊಂದು ಇಂಗ್ಲಿಷ್ ಅಕ್ಷರ ಬರೆದಳು ಶಾಂಭವಿ. ಡಿಕ್ಷನರಿ ನೋಡಿ ಪದ ಜೋಡಿಸುವಳು, ಕಲಸುವಳು, ಪುಸ್ತಕ ಮುಚ್ಚಿ ಮತ್ತೆ ಜೋಡಿಸುವಳು. ಒಲೆಯ ಮೇಲೆ ಬೇಳೆ ಬೇಯುವಷ್ಟು ಹೊತ್ತೂ ಅಡಿಗೆಮನೆಯ ನೆಲದ ಮೇಲೆ ಇದೇ ಕೆಲಸ. ಇನ್ನೊಂದು ಗಂಡು ಬರುತ್ತದೆ ಎಂದಾಗ ಬೇಡ ಅಂದಳು. ಮತ್ತೊಂದಕ್ಕೂ ಬೇಡ ಅಂದಳು. ಆಮೇಲೆ ಯಾರೂ ಕೇಳಲಿಲ್ಲ. ಬಿ.ಎಡ್. ಮಾಡಿ ಸಿರುಗುಪ್ಪ ತಾಲ್ಲೂಕಿನ ಕರೂರಿಗೆ ಇಂಗ್ಲಿಷ್ ಟೀಚರಾಗಿ ಹೋದಳು.

*

ಗಾದೆಪ್ಪ ಮಾಸ್ತರು ಕುರ್ಚಿಗೆ ಮರಳಿದ ಮೇಲೆ ಹಂಪೇಶ ಬ್ಯಾನರಿನ ಹಗ್ಗಕ್ಕೆ ಕೈ ಹಾಕಿದ. ಗಂಟು ಸಡಿಲವಾಗಲಿಲ್ಲ. ಹರಿದೇ ಬಿಡೋಣವೆಂದು ಅಂಚು ಹಿಡಿದು ಜಗ್ಗುವಾಗ ಹಿಂದಿನಿಂದ ಯಾರೋ, “ಹರೀಬ್ಯಾಡ್ರಿ ಅಣ್ಣಾರ,” ಎಂದರು.

ಹೆಗಲಿಗೆ ಬ್ಯಾಗು, ಕೈಯಲ್ಲಿ ಸೇವಂತಿಗೆ ಹಾರದ ಪೊಟ್ಟಣ ಹಿಡಿದ ಹೆಂಗಸು. ಬಿಸಿಲಿಗೆ ಮುಖ ಕೆಂಪಾಗಿತ್ತು.

“ನಾನು ಪೂಜಿತಾ ಅಂತ್ರಿ. ಕರೂರಾಗ ಟೀಚರ್ ಕಡಿ ಓದೀನಿ. ಈಗ ಸಿರುಗುಪ್ಪದಾಗ ಜೆರಾಕ್ಸ್ ಅಂಗಡಿ ಇಟ್ಟೀನಿ. ಗಾದೆಪ್ಪ ಸರ್ ಸ್ಟೇಟಸ್ ನೋಡಿ ಓಡಿ ಬಂದೆ.”

“ನೋಡವ್ವ, ತಪ್ಪು ಬರ್ದಾರ. ಮಂದಿ ನಗಾಕತ್ತಾರ.”

“ನಗಲಿ ಬಿಡ್ರಿ. ಟೀಚರ್ ಇದ್ದಿದ್ರ ಹರಿಯಾಕ ಬಿಡ್ತಿದ್ದಿಲ್ಲ.”

*

ಎಂಟನೇ ಕ್ಲಾಸಿನಲ್ಲಿ ಪೂಜಿತಾ ಬೋರ್ಡಿನ ಮೇಲೆ ‘ಗರ್ಲ್’ ಎಂದು ಬರೆಯಲು ಹೋಗಿ ‘ಗ್ರಿಲ್’ ಎಂದು ಬರೆದಿದ್ದಳು. ಅಂದಿನಿಂದ ಅವಳ ಹೆಸರೇ ಗ್ರಿಲ್ ಆಯಿತು. ಕೊಳಾಯಿಯ ಹತ್ತಿರ ಗ್ರಿಲ್, ಗುಡಿಯ ಹತ್ತಿರ ಗ್ರಿಲ್. ಅವಳು ಸಾಲೆ ಬಿಟ್ಟು ಅಪ್ಪ ಎರ್ರಣ್ಣನ ಜೊತೆ ಭತ್ತದ ನಾಟಿಗೆ ಹೋಗತೊಡಗಿದಳು.

ಒಂದು ಸಂಜೆ ಶಾಂಭವಿ ಸೀರೆ ಎತ್ತಿ ಸಿಕ್ಕಿಸಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಬದುವಿನ ಮೇಲೆ ಬಂದಳು. ಪೂಜಿತಾಳ ಕೆಸರು ಕೈಯನ್ನು ತನ್ನ ಸೆರಗಿನಲ್ಲೇ ಒರೆಸಿ ನಾಲ್ಕು ಚೀಟಿ ಇಟ್ಟಳು.

“ನೋಡು, ನೀ ಬರ್ದಿದ್ದು ಇವಽ ನಾಕು. ಬೇಕಾದ ಅಕ್ಷರ ಎಲ್ಲಾ ಬಂದಾವ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮಿ ಇಲ್ಲ. ಕುಂತ ಜಾಗ ಅಷ್ಟ ಬ್ಯಾರೆ. ಕಲಸು. ಈಗ ಜೋಡ್ಸು.”

ಪೂಜಿತಾ ತಲೆ ಎತ್ತಲಿಲ್ಲ. “ನಗ್ತಾರ್ರಿ ಟೀಚರ್.”

“ನನ್ನ ನೋಡಾಕ ಬಂದೋರೂ ನಕ್ಕಿದ್ರು. ನಕ್ಕು ಎದ್ದು ಹೋದ್ರು.”

ದೂರದಿಂದ ಎರ್ರಣ್ಣ ಕೂಗಿದ. “ನಾಟಿ ಮುಗೀಲಿ ಟೀಚರಮ್ಮ, ಆಮ್ಯಾಲ ನೋಡಾಮು.”

“ಮುಗಿಯಾತನಕ ನಾನಽ ಬರ್ತೀನಿ.”

ಹಾಗೆಯೇ ಬಂದಳು. ಅವಳಿಗೆ ಸಿರುಗುಪ್ಪದ ಬಸ್ಸು ತಪ್ಪಿದ ದಿನ ಎರ್ರಣ್ಣನೇ ಸೈಕಲ್ಲು ಹಿಡಿದುಕೊಂಡು ದೊಡ್ಡ ರಸ್ತೆಯವರೆಗೆ ಜೊತೆಗೆ ನಡೆದ. ನಾಟಿ ಮುಗಿದ ವಾರ ಮಗಳ ಕೈಗೆ ತಾನೇ ಚೀಲ ಕೊಟ್ಟು ಸಾಲೆಗೆ ಕಳಿಸಿದ.

*

ಹಂಪೇಶ ಹಗ್ಗ ಬಿಟ್ಟ. ಜಗ್ಗಿದ್ದರಿಂದ ಓರೆಯಾಗಿದ್ದ ಬ್ಯಾನರನ್ನು ಇಬ್ಬರೂ ಸೇರಿ ಸರಿ ಮಾಡಿದರು.

ಮಧ್ಯಾಹ್ನ ಎತ್ತಿದರು. ಭಜನೆಯವರನ್ನು ಬಿಟ್ಟರೆ ಹಿಂದೆ ಬಂದದ್ದು ಓಣಿಯ ಒಂದಷ್ಟು ಮಂದಿ. ಶಾಂಭವಿಯನ್ನು ಗುಣಿಯಲ್ಲಿ ಕೂರಿಸಿ, ವಿಭೂತಿ ಬಿಲ್ವಪತ್ರಿ ತುಂಬಿದರು. ಸ್ವಾಮಿಗಳು, ಬೇಕಾದವರು ಮಣ್ಣು ಹಾಕ್ರಿ ಎಂದಾಗ ಹಂಪೇಶ ತಿರುಗಿ ನೋಡಿದ. ಪೂಜಿತಾ ದೂರದ ಬೇವಿನ ಗಿಡದ ಕೆಳಗೆ ನಿಂತಿದ್ದಳು. “ಬಾರವ್ವ,” ಎಂದು ಕರೆದ. ಅವಳು ಬಂದು ಮಣ್ಣು ಹಾಕಿ, ಕೈ ಒರೆಸಿಕೊಳ್ಳದೆ ಹಾಗೇ ನಿಂತಳು.

ಬಿಸಿಲು ಜೋರಿತ್ತು. ಜನ ಬೇಗ ಚದುರಿದರು. ಹಂಪೇಶ ಒದ್ದೆ ಪಂಚೆಯಲ್ಲೇ ಅವಳನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಬಂದ.

“ಆಮ್ಯಾಲೂ ಅಕ್ಕನ ಜೋಡಿ ಮಾತಾಡ್ತಿದ್ದೇನವ್ವ?”

“ಐತವಾರಕ್ಕೊಮ್ಮಿ ಫೋನ್ ಮಾಡಿ ಒಂದು ಪದ ಕಲಸಿ ಹೇಳ್ತಿದ್ರು. ಗೊತ್ತಾಗಿದ್ರೂ ನಾ ಲಗೂನ ಹೇಳ್ತಿದ್ದಿಲ್ಲರಿ. ಹೇಳಿದ್ರ ಫೋನ್ ಇಟ್ಟುಬಿಡ್ತಿದ್ರು. ತಡಾ ಮಾಡಿದ್ರ ಅದೂ ಇದೂ ಮಾತಾಡ್ತಿದ್ರು. ಮೊನ್ನೆ ಐತವಾರ ಅಂಗಡ್ಯಾಗ ಗದ್ಲ ಇತ್ತು. ಥಟ್ ಅಂತ ಹೇಳಿಬಿಟ್ಟೆ.”

ಅವಳು ಮುಖ ಆ ಕಡೆ ತಿರುಗಿಸಿದಳು. ಹಾಗೇ ಕೇಳಿದಳು. “ನಿಮಗೂ ಹೇಳ್ತಿದ್ರೇನ್ರಿ?”

“ಹೇಳ್ತಿದ್ಲು. ಗಿರಾಕಿ ಅದಾರ, ಆಮ್ಯಾಲ ಮಾಡ್ತೀನಕ್ಕ ಅಂತಿದ್ದೆ.”

ಸಿರುಗುಪ್ಪದ ಬಸ್ಸು ಬಂತು. ಪೂಜಿತಾ ಹತ್ತಿ, ಕಿಟಕಿಯಿಂದ ಕೈಮುಗಿದಳು. ಬಸ್ಸು ಹೋದ ಮೇಲೂ ಹಂಪೇಶ ಅಲ್ಲೇ ನಿಂತಿದ್ದ. ಮನೆಯಿಂದ ಅಕ್ಷತಾ ಎರಡು ಸಲ ಫೋನ್ ಮಾಡಿದಳು, ಎತ್ತಲಿಲ್ಲ.

ಬಳ್ಳಾರಿಯ ಬಸ್ಸು ಬಂದು ಅವನ ಎದುರಿಗೇ ನಿಂತಿತು. ಜನ ಇಳಿದರು, ಜನ ಹತ್ತಿದರು. ಅವನೂ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಕಂಬಿ ಹಿಡಿದ.

“ಒಳಗ ಬರ್ರಿ, ಸೀಟು ಖಾಲಿ ಅದಾವ. ಬಳ್ಳಾರ್ಯಾಗ ಎಲ್ಲಿಗೆ?” ಕಂಡಕ್ಟರ್ ಕೇಳಿದ.

“ಪಾರ್ವತಿನಗರ, ಅಕ್ಕನ ಮನಿ...” ಎಂದ ಹಂಪೇಶ. ಕಂಡಕ್ಟರ್ ಅವನ ಒದ್ದೆ ಪಂಚೆಯನ್ನೂ, ಹಣೆಯ ವಿಭೂತಿಯನ್ನೂ ನೋಡಿ ಸೀಟಿ ಊದದೆ ಸ್ವಲ್ಪ ಹೊತ್ತು ಕಾದ. ಹಂಪೇಶ ಕಂಬಿ ಬಿಟ್ಟು, ಮೆಟ್ಟಿಲ ಮೇಲಿದ್ದ ಕಾಲನ್ನು ನಿಧಾನವಾಗಿ ಕೆಳಗಿಳಿಸಿದ.